ಕೊಂಡ್ಲಹಳ್ಳಿಯ ಸೋಮವಾರದ ಕೆಂಪು ದೀಪ

ಚಳ್ಳಕೆರೆಯಿಂದ ಮೊಳಕಾಲ್ಮೂರಿನವರೆಗೆ ಯಾರ ಮನೆಯ ಇಂಟರ್ನೆಟ್ ಕೆಟ್ಟರೂ ಮೊದಲು ಬೈಗುಳ ತಿನ್ನುವವನು ಬಾಲರಾಜ. ಗೌರಸಮುದ್ರದ ಕುರಿಗಾರ ಪಾತಣ್ಣನ ಮಗ. ನೂರು ಕುರಿಗಳ ಹಿಂಡಿನಲ್ಲಿ ಕಾಲೆಳೆಯುವ ಒಂದನ್ನು ದೂರದಿಂದಲೇ ಗುರುತಿಸುವ ಕಣ್ಣು ಅಪ್ಪನದು. ಮಗ ಆ ಕಣ್ಣನ್ನು ಹಾಗೆಯೇ ಪಡೆದು, ಐಟಿಐ ಮುಗಿಸಿ, ಕೂದಲೆಳೆಯಷ್ಟು ಸಣ್ಣ ಗಾಜಿನ ತಂತಿಗಳನ್ನು ಬೆಸೆಯುವ ಕೆಲಸಕ್ಕೆ ಸೇರಿದ್ದ. ಬೆಸೆಯುವ ಯಂತ್ರ ಗುತ್ತಿಗೆದಾರ ಸಿದ್ದಲಿಂಗೇಶನದು, ಬೈಕು ಬಾಲರಾಜನದು. ಬಿಸಿಲು ಯಾರ ಪಾಲಿನದೆಂದು ಹೇಳಬೇಕಾಗಿಲ್ಲ.

ಆ ಸೋಮವಾರ ಮಧ್ಯಾಹ್ನ ಸಿದ್ದಲಿಂಗೇಶ ಚಳ್ಳಕೆರೆಯ ಆಫೀಸಿನ ಫ್ಯಾನಿನ ಕೆಳಗೆ ಕುಳಿತೇ ತೀರ್ಪು ಕೊಟ್ಟ.

"ಲೇ ಬಾಲರಾಜ, ಕೊಂಡ್ಲಹಳ್ಳಿ ಜಂಬುಲಿಂಗಪ್ಪನೋರ ಮನೇ ದೂರು ಮತ್ತೆ ಬಂದೈತೆ. ಒಂದೇ ಮನೆ, ನಾಲ್ಕನೇ ಸಲ. ಇವತ್ತೂ ತಪ್ಪು ನಿಂದೇ ಅಂತಾದ್ರೆ ಮಷಿನ್ ತಂದು ಇಲ್ಲಿಟ್ಟು ಕುರಿ ಕಾಯಾಕೆ ಹೋಗು."

"ಕುರಿ ಕಾಯೋದೇ ವಾಸಿ ಅಣ್ಣಾ. ಕುರಿ ಯಾವತ್ತೂ ನೀನು ಹೊರಗೇ ನಿಂತು ನನ್ನ ಕಾಲು ನೋಡು ಅನ್ನಲ್ಲ. ಆ ಮನೆ ಒಳಗಿನ ವೈರು ಎಳೆದೋರು ನೀವು. ಒಂದ್ಸಲ ಬಂದು ನೋಡ್ರಿ."

"ನಾನು ಎಳೆದದ್ದು ನೆಟ್ಟಗೇ ಇರ್ತೈತೆ. ನೀನು ಹೊರಗಡೆ ನೋಡು."

ಹೊರಗಡೆ ನೋಡಿ ನೋಡಿ ಬಾಲರಾಜನ ಕಣ್ಣು ಸವೆದಿತ್ತು. ಜಂಬುಲಿಂಗಪ್ಪನವರೆಂದರೆ ಕೊಂಡ್ಲಹಳ್ಳಿಯಲ್ಲಿ ಜಮೀನು, ಚಳ್ಳಕೆರೆಯಲ್ಲಿ ಶೇಂಗಾ ಮಂಡಿ ಇರುವ ದೊಡ್ಡ ಮನುಷ್ಯರು. ಪ್ರತಿ ಸೋಮವಾರ ಸಂಜೆ ಆರಕ್ಕೆ ಮೊಬೈಲಿನ ಮುಂದೆ ಕುಳಿತು ಇನ್ನೂರು ಜನರಿಗೆ ಪ್ರವಚನ ಕೊಡುವ ಗೀಳು ಅವರಿಗೆ ಹತ್ತಿ ಒಂದು ವರ್ಷವಾಗಿತ್ತು. ಭಕ್ತಿ ಎಷ್ಟಿತ್ತೋ ಆ ಪರಮಾತ್ಮನಿಗೇ ಗೊತ್ತು. ಬೆನ್ನ ಹಿಂದೆ ಬೆಳ್ಳಿಯ ಮಂಟಪ ಕಾಣಬೇಕೆಂಬ ಹಂಬಲವಂತೂ ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಪ್ರವಚನ ದೇವರ ಕೋಣೆಯಲ್ಲಿ, ರೌಟರೂ ದೇವರ ಕೋಣೆಯಲ್ಲಿ. ಕೊರಳಲ್ಲಿ ಲಿಂಗವಿಲ್ಲದವರು ಆ ಕೋಣೆಗಿರಲಿ, ನಡುಮನೆಗೂ ಕಾಲಿಡುವಂತಿರಲಿಲ್ಲ. ಸಿದ್ದಲಿಂಗೇಶನ ಕೊರಳಲ್ಲಿ ಅದಿತ್ತು, ಹಾಗಾಗಿ ಒಳಗಿನ ವೈರು ಅವನೇ ಎಳೆದಿದ್ದ.

"ನಮ್ಮಲ್ಲಿ ಭೇದ ಇಲ್ಲಪ್ಪ. ಆದ್ರೆ ಪದ್ಧತಿ ಅನ್ನೋದು ಒಂದೈತೆ" ಎಂದು ಅವರು ಮೊದಲ ದಿನವೇ ಬಾಲರಾಜನನ್ನು ಜಗಲಿಯಲ್ಲಿ ನಿಲ್ಲಿಸಿದ್ದರು.

ಕಂಬಳಿ ಹೊದ್ದು ಕುರಿಯ ಹಿಂದೆ ನಡೆಯುವವನ ಎದೆಯಲ್ಲಿ ನಿಶ್ಚಿಂತೆಯಿಂದ ಕೂರುವ ಶಿವನಿಗೆ ಈ ಹೊಸ್ತಿಲ ಕಾವಲು ಯಾಕೆ ಬೇಕಿತ್ತು? ಆದರೆ ಬೆಳ್ಳಿಯ ಮಂಟಪ ಕಟ್ಟಿಸಿದವರು ಒಳಗಿರುವವನ ಅಭಿಪ್ರಾಯ ಕೇಳುವುದಿಲ್ಲ.

ಹೀಗಾಗಿ ರೋಗಿ ಒಳಗೆ, ವೈದ್ಯ ಹೊರಗೆ. ಬಾಲರಾಜ ಜಗಲಿಯಿಂದ ಕೂಗಬೇಕು, ಯಜಮಾನರು ಒಳಗಿನಿಂದ ವರದಿ ಒಪ್ಪಿಸಬೇಕು.

"ಯಜಮಾನ್ರೇ, ಪೆಟ್ಟಿಗೆ ಮ್ಯಾಲೆ ಯಾವ ದೀಪ ಉರಿತೈತೆ?"

"ಎಲ್ಲಾ ಉರಿತಾವೆ."

"ಕೆಂಪು ಐತೇನ್ರಿ?"

"ಇದ್ರೇನಾಯ್ತು? ಅದೂ ಉರಿತಾನೇ ಐತಲ್ಲ."

ಆ ಕೆಂಪು ದೀಪವೇ ರೋಗವೆಂದು ತಿಳಿಸಿ ಹೇಳಿದರೆ, ಕುರಿಗಾರರ ಮಗನಿಂದ ಪಾಠ ಕೇಳುವ ಗತಿ ಬಂತೇ ಎಂಬಂತೆ ಅವರು ಗಂಟಲು ಸರಿಪಡಿಸಿಕೊಳ್ಳುತ್ತಿದ್ದರು. ಹಿಂದಿನ ಮೂರು ಸಲ ಬಾಲರಾಜ ಕಂಬದ ಮೇಲಿನ ಬೆಸುಗೆ ಬದಲಿಸಿದ್ದ, ಬೀದಿಯ ಅರವತ್ತು ಮೀಟರ್ ವೈರು ಹೊಸದಾಗಿ ಎಳೆದಿದ್ದ. ಪ್ರತಿ ಸಲವೂ ಮರುದಿನದ ಹೊತ್ತಿಗೆ ಎಲ್ಲ ತಾನೇ ಸರಿಯಾಗುತ್ತಿತ್ತು. ತಾವು ಗದರಿಸಿದ್ದರಿಂದಲೇ ಸರಿಹೋಯಿತೆಂದು ಜಂಬುಲಿಂಗಪ್ಪನವರು ಮಂಡಿಯಲ್ಲಿ ಹೇಳಿಕೊಳ್ಳುತ್ತಿದ್ದರು.

ಅಂದು ಅವನು ತಲುಪಿದಾಗ ಐದೂವರೆ. ಯಜಮಾನರು ಸ್ನಾನಕ್ಕೆ ಹೋಗಿದ್ದರು. ಗೋಡೆಯ ಹೊರಗಿನ ಪೆಟ್ಟಿಗೆ ಬಿಚ್ಚಿ, ತಂತಿಯೊಳಗಿನ ಬೆಳಕನ್ನು ಅಳೆಯುವ ಮೀಟರ್ ಹಚ್ಚಿ ನೋಡಿದ. ಬೆಳಕು ಬೇಕಾದಷ್ಟಿತ್ತು. ಅಂದರೆ ಕೇಡು ಇದ್ದದ್ದು ಗೋಡೆಯಿಂದ ಒಳಗಿನ ಹದಿನೈದು ಅಡಿಯಲ್ಲಿ. ಅವನು ಮೊಬೈಲಿನಲ್ಲಿ ಹಳೆಯ ದೂರುಗಳ ತಾರೀಖು ತೆಗೆದ. ಎರಡು ಸೋಮವಾರ, ಒಂದು ಯುಗಾದಿ, ಇವತ್ತು ಮತ್ತೆ ಸೋಮವಾರ. ತಂತಿಗೆ ವಾರ, ಹಬ್ಬ ಗೊತ್ತಿರುವುದಿಲ್ಲ; ಮನುಷ್ಯರ ಕೈಗೆ ಗೊತ್ತಿರುತ್ತದೆ.

ಬಾಗಿಲಲ್ಲಿ ಯಜಮಾನರ ಹೆಂಡತಿ ಕಮಲಾಕ್ಷಮ್ಮ ಕಾಣಿಸಿದರು.

"ಅಮ್ಮಾರೇ, ಸೋಮವಾರ, ಹಬ್ಬದ ದಿನ ದೇವರ ಕೋಣ್ಯಾಗೆ ಬ್ಯಾರೆ ಏನಾರ ಮಾಡ್ತೀರೇನ್ರಿ?"

"ಬ್ಯಾರೆ ಏನು ಮಾಡ್ಲಿ ತಮ್ಮಾ? ಒರೆಸ್ತೀನಿ. ಬಾಗ್ಲಿಗೆ ಮಾವಿನೆಲೆ ತೋರಣ, ನಾಲ್ಕು ಮೊಳ ಚೆಂಡುಹೂವು ಕಟ್ತೀನಿ."

"ಯಾವುದಕ್ಕೆ ಕಟ್ತೀರಿ?"

"ಬಾಗ್ಲ ಮ್ಯಾಲೆ ಬಿಳೇ ದಾರ ಐತಲ್ಲ, ಅದಕ್ಕೇ. ಹಳೇದನ್ನ ಹೋದ ತಿಂಗಳು ಇಲಿ ಕಡಿದ್ವು. ಇದು ಗಟ್ಟಿ ಐತೆ. ಮಾರನೇ ದಿನ ಬಾಡಿದ್ ಮ್ಯಾಲೆ ಕಿತ್ತು ಹಾಕ್ತೀನಿ."

ಬಾಲರಾಜನಿಗೆ ನಗು ಬಂದರೂ ನಗಲಿಲ್ಲ. ಆ ಬಿಳಿ ದಾರವೇ ಇಂಟರ್ನೆಟ್ ವೈರು; ಅದರೊಳಗಿನ ಗಾಜಿನ ಎಳೆ ತುಂಡಾಗಬೇಕೆಂದಿಲ್ಲ. ಭಾರಕ್ಕೆ ಬಿಗಿಯಾಗಿ ಬಾಗಿದರೂ ಅದರೊಳಗಿನ ಬೆಳಕು ಸೋರಿಹೋಗುತ್ತದೆ. ಸಿದ್ದಲಿಂಗೇಶ ಅದನ್ನು ಗೋಡೆಗೆ ಬಡಿಯದೆ ಬಾಗಿಲ ಮೇಲೆ ಜೋಲಾಡಲು ಬಿಟ್ಟು ಹೋಗಿದ್ದ. ಒಮ್ಮೆ ಒಳಗೆ ಹೋಗಿದ್ದರೆ ಕುರುಡನೂ ಕಂಡುಹಿಡಿಯಬಹುದಾಗಿದ್ದ ದೋಷಕ್ಕೆ ನಾಲ್ಕು ಸಲ ಬಿಸಿಲಲ್ಲಿ ಬೆಂದದ್ದಾಗಿತ್ತು.

ಅಷ್ಟರಲ್ಲಿ ಹಣೆತುಂಬ ವಿಭೂತಿ ಧರಿಸಿ ಜಂಬುಲಿಂಗಪ್ಪನವರು ಹೊರಬಂದರು. ಸಂಗತಿ ಕೇಳಿ ಮುಖ ಕಿವುಚಿದರು.

"ನಿನ್ನ ಕೈಯಾಗೆ ಆಗಲ್ಲ ಅಂತ ದೇವರ ಹೂವಿನ ಮ್ಯಾಲೆ ಹಾಕ್ತೀಯೇನೋ?"

"ಬಿಚ್ಚಿ ನೋಡ್ರಿ ಯಜಮಾನ್ರೇ."

"ಕಟ್ಟಿದ ತೋರಣ ಪೂಜೆಗೆ ಮುಂಚೆ ಬಿಚ್ಚಬೇಕೇನು? ಕಂಬ ಹತ್ತು ಹೋಗು."

ಬಾಲರಾಜ ಕಂಬ ಹತ್ತಲಿಲ್ಲ; ಜಗಲಿಯ ಮೇಲೆ ಕುಳಿತ. ಆರಕ್ಕೆ ಐದು ನಿಮಿಷವಿದ್ದಾಗ ಯಜಮಾನರ ಪದ್ಧತಿ ಮೆತ್ತಗಾಯಿತು. ಇನ್ನೂರು ಜನ ಕಾಯುತ್ತಿದ್ದರಲ್ಲ.

"ಕಾಲು ತೊಳ್ಕೊಂಡು ಒಳಗೇ ಬಾ. ಇವತ್ತೊಂದಿನ ನಡೀತೈತೆ."

"ಬ್ಯಾಡ್ರಿ. ನಿಮ್ಮ ಪದ್ಧತಿ ನನ್ನಿಂದ ಯಾಕೆ ಕೆಡಬೇಕು? ಹೂವು ಬಿಚ್ಚಾಕೆ ಅಮ್ಮಾರು ಸಾಕು."

ಕೂಲಿಗೆ ಬಂದವನು ಒಳಗೆ ಕರೆದರೂ ಬರುವುದಿಲ್ಲವೆನ್ನುವುದನ್ನು ಆ ಮನೆ ಅದುವರೆಗೆ ಕೇಳಿರಲಿಲ್ಲ. ಕಮಲಾಕ್ಷಮ್ಮ ಸ್ಟೂಲು ಹತ್ತಿ ಹೂವಿನ ಸರವನ್ನೂ ತೋರಣವನ್ನೂ ಬಿಚ್ಚಿ, ತಂತಿಯನ್ನು ಸಡಿಲ ಬಿಟ್ಟರು. ಕೆಂಪು ಆರಿತು, ಹಸಿರು ಹತ್ತಿತು.

ಬಾಲರಾಜ ಮೊಬೈಲಿನಲ್ಲಿ ಕಾರಣ ಬರೆದ: ಮನೆಯೊಳಗಿನ ಇಂಟರ್ನೆಟ್ ವೈರಿಗೆ ತೋರಣ ಕಟ್ಟಿದ್ದು.

"ಅದನ್ನ ಅಳಿಸು" ಎಂದರು ಜಂಬುಲಿಂಗಪ್ಪನವರು. "ಚಳ್ಳಕೆರೆಯಾಗೆಲ್ಲ ನಗ್ತಾರೆ. ಕಂಬದಾಗೆ ತೊಂದರೆ ಅಂತ ಬರ್ಕೋ. ಇಲ್ಲಾಂದ್ರೆ ದೂರು ಮುಚ್ಚಾಕೆ ಓಟಿಪಿ ಕೊಡಲ್ಲ."

"ಕಂಬದ್ದು ಅಂತ ಬರೆದ್ರೆ ನಾಲ್ಕೂ ಸಲ ತಪ್ಪು ನಂದೇ ಆಗ್ತೈತ್ರಿ. ನನ್ನ ಕೆಲಸ ಹೋಗ್ತೈತೆ."

"ಹೋಗ್ಲಿ. ಇನ್ನೊಂದು ಸಿಗ್ತೈತೆ. ನನ್ನ ಮರ್ಯಾದೆ ಸಿಗ್ತೈತೇನು?"

ಮಾತು ಮುಗಿಸಿ ಒಳಗೆ ಹೋಗಿ ಮಂಟಪದ ಮುಂದೆ ಪದ್ಮಾಸನ ಹಾಕಿದರು. ಒಬ್ಬನ ಅನ್ನಕ್ಕಿಂತ ತಮ್ಮ ಮುಖದ ಹೊಳಪು ಹೆಚ್ಚೆಂದು ಇಷ್ಟು ಸಲೀಸಾಗಿ ಹೇಳಿದ ನಾಲಿಗೆ ಮರುಕ್ಷಣವೇ ಶಿವನಾಮದಿಂದ ಪ್ರವಚನ ಶುರುಮಾಡಿತು. ಇಂಥ ಬಾಯಲ್ಲಿ ಆ ಹೆಸರು ಹೇಗೆ ನಿಲ್ಲುವುದೋ.

ಆದರೆ ಅಪರಿಚಿತರಿಗೆ ತಮ್ಮ ನಂಬರು ಕೊಡುವುದು ಕೀಳೆಂದು ಜಂಬುಲಿಂಗಪ್ಪನವರು ಕನೆಕ್ಷನ್ ಪಡೆಯುವಾಗ ಹೆಂಡತಿಯ ಮೊಬೈಲಿನ ನಂಬರು ಬರೆಸಿದ್ದರು. ಬಾಲರಾಜ ಬರೆದದ್ದನ್ನು ಅಳಿಸದೆ ಕಳಿಸಿದ; ಓಟಿಪಿ ಬಂದು ಆ ಫೋನು ಕಮಲಾಕ್ಷಮ್ಮನ ಸೊಂಟದಲ್ಲಿ ಗುಂಯ್ ಎಂದಿತು. ಅವರು ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು, ಜಗಲಿಯಲ್ಲಿದ್ದವನನ್ನೂ ನೋಡಿದರು.

"ತಮ್ಮಾ, ಬರ್ಕೋ" ಎಂದರು, ಒಳಗೆ ಕೇಳುವಷ್ಟು ಗಟ್ಟಿಯಾಗಿ. "ಏಳು, ಸೊನ್ನೆ, ನಾಲ್ಕು, ನಾಲ್ಕು."

ಜಂಬುಲಿಂಗಪ್ಪನವರ ಹುಬ್ಬು ಗಂಟಿಕ್ಕಿತು. ಇನ್ನೂರು ಜನರ ಎದುರು ಹೆಂಡತಿಯನ್ನು ಗದರಿಸಲಾಗದೆ ನಗುತ್ತಲೇ ಮಾತು ಮುಂದುವರಿಸಿದರು. ಬಾಲರಾಜ ಅಂಕಿಗಳನ್ನು ಒತ್ತಿದ; ದೂರು ಮುಚ್ಚಿತು.

ಬೈಕು ಹತ್ತುವಾಗ ಸಿದ್ದಲಿಂಗೇಶನ ಫೋನು ಬಂತು.

"ತೋರಣ ಅಂತ ಬರ್ದೀಯ. ನಿಜವೇನಲೇ?"

"ನೀವು ಜೋಲು ಬಿಟ್ಟು ಬಂದ ವೈರಿಗೇ ಕಟ್ಟಿದ್ರು ಅಣ್ಣಾ. ಅದನ್ನೂ ಬರೀಲೇನು?"

ಸಿದ್ದಲಿಂಗೇಶ ಮಾತು ತಿರುಗಿಸಿದ.

"ಮಷಿನ್ ನಿನ್ನ ಹತ್ರಾನೇ ಇರ್ಲಿ. ಮೊಳಕಾಲ್ಮೂರಾಗೆ ಒಂದು ಮನೇದು ಕೆಟ್ಟೈತೆ, ನೋಡ್ಕಂಡು ಬಾ."