ಕೂಸಿನ ಹೆಸರು ಮೊದಲು ಕೇಳಿದವರು

ಬಂಡೆಮ್ಮನ ಸಿಟ್ಟು ಕಮಲಾಪುರದಲ್ಲಿ ಯಾರಿಗೂ ಹೊಸದಲ್ಲ. ಅವಳ ಬಾಳೆತೋಟದ ನೀರು ತಿರುಗಿಸಿಕೊಂಡವರಿಗೂ, ತೂಕದಲ್ಲಿ ಕೈಚಳಕ ತೋರಿದವರಿಗೂ ಅದರ ಬಿಸಿ ತಟ್ಟಿತ್ತು. ಆದರೆ ನಿಜಾಮ ಸರ್ಕಾರದ ಜನ ಬಂದು ತೋಟದ ಬದುವಿನಲ್ಲಿದ್ದ ಕಿವಿಯಪ್ಪನನ್ನು ಬಂಡಿಗೆ ಹೇರಿಕೊಂಡು ಹೋದರಲ್ಲ, ಅಂದಿನಿಂದ ಆ ಸಿಟ್ಟು ಆರಲೇ ಇಲ್ಲ. ಕದ್ದವರನ್ನು ಕಳ್ಳರೆನ್ನಬಹುದು, ಮೊಹರು ತೋರಿಸಿ ಒಯ್ದವರನ್ನು ಏನೆನ್ನುವುದು?

ಕಿವಿಯಪ್ಪನೆಂದರೆ ಕಣ್ಣು ಮುಚ್ಚಿ ಕೂತ ಕಲ್ಲಿನ ಮೂರ್ತಿ. ಎಡಗಿವಿ ಹಿರಿಯರ ಕಾಲದಲ್ಲೇ ಮುಕ್ಕಾಗಿತ್ತು. ಬಲಗಿವಿ ಮಾತ್ರ ಭುಜದವರೆಗೆ ಜೋತುಬಿದ್ದಿತ್ತು. ಓಣಿಯಲ್ಲಿ ಯಾವ ಕೂಸು ಹುಟ್ಟಿದರೂ ಅದರ ಹೆಸರನ್ನು ಮೊದಲು ಆ ಕಿವಿಯಲ್ಲಿ ಉಸುರಬೇಕು. ಮೊದಲು ಕೇಳಿದವರ ಮೇಲೆ ಕೂಸಿನ ಜೀವದ ಹೊಣೆ. ಮನುಷ್ಯರು ಯಾರು ಆ ಭಾರ ಹೊರುತ್ತಾರೆ? ಅದಕ್ಕೇ ಕಲ್ಲು. ಗಾಡಿ ಹೊಡೆಯುವ ಇಮಾಮುದ್ದೀನನ ಮಗಳು ಹಾಜಿರಾಳ ಹೆಸರೂ ಅಲ್ಲೇ ಮೊದಲು ಬಿದ್ದದ್ದು.

ಕಲ್ಲು ಹೋದ ಮೇಲೆ ಹುಟ್ಟಿದ ಬಂಡೆಮ್ಮನ ಮೊಮ್ಮಗನಿಗೆ ಸುಮ್ಮನೆ ತೊಟ್ಟಿಲಲ್ಲೇ ಹೆಸರಿಟ್ಟರು. ಜ್ವರ ಬಂದು ಕೂಸು ತೀರಿಕೊಂಡಿತು. ಊರವರು ಹಣೆಬರಹ ಅಂದರು. ಬಂಡೆಮ್ಮ ಸರ್ಕಾರ ಅಂದಳು. ಈಗ ಸೊಸೆ ಸೂಗಮ್ಮ ಮತ್ತೆ ಹೆತ್ತಿದ್ದಳು, ಹೆಣ್ಣು. ಬಂಡೆಮ್ಮ ಹೆಸರನ್ನು ಯಾರಿಗೂ ಹೇಳದೆ, ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಇಮಾಮುದ್ದೀನನ ಗಾಡಿ ಹತ್ತಿದಳು.

ಕಲಬುರಗಿಯ ಹಳೆಯ ಗುಮ್ಮಟವೊಂದರೊಳಗೆ ಸರ್ಕಾರದವರು ಊರೂರಿನಿಂದ ತಂದ ಕಲ್ಲುಮೂರ್ತಿಗಳನ್ನು ಸಾಲಾಗಿ ನಿಲ್ಲಿಸಿದ್ದರು. ಕಿವಿಯಪ್ಪನ ಮೈಮೇಲಿನ ಎಣ್ಣೆಯನ್ನೆಲ್ಲ ಉಜ್ಜಿ ತೆಗೆದಿದ್ದರು. ಮುಂದೊಂದು ಹಗ್ಗ. ಬಂಡೆಮ್ಮ ಅದನ್ನೆತ್ತಿ ಒಳಗೆ ನುಸುಳಿ ಬಲಗಡೆ ಬಾಗಿದಳು. ಕಿವಿಯೇ ಇರಲಿಲ್ಲ. ಮುರಿದ ಜಾಗ ಇನ್ನೂ ಬೆಳ್ಳಗಿತ್ತು.

"ಏ ಯವ್ವಾ, ಮುಟ್ಟಬ್ಯಾಡ! ಈ ಕಡೀಕ ಬಾ!" ಅಲ್ಲಿನ ಉಸ್ತುವಾರಿ ನೋಡುತ್ತಿದ್ದ ದೇವೀಂದ್ರಪ್ಪ ಓಡಿ ಬಂದ.

"ಕಿವಿ ಎಲ್ಲಿ ಅದರೀ?"

"ತರೂಮುಂದ ಬಂಡಿ ಉಳ್ಳಿಬಿತ್ತು, ಕಿವಿ ಮುರದು ಹೋತು. ಇದು ಬುದ್ಧನ ಮೂರ್ತಿ, ಭಾಳ ಹಳೇದು. ಇಲ್ಲಿ ಭದ್ರ ಇರ್ತದಂತ ಸರ್ಕಾರ ತಂದದ."

"ಭದ್ರ!" ಬಂಡೆಮ್ಮನ ದನಿ ಗುಮ್ಮಟಕ್ಕೆ ಬಡಿಯಿತು. "ಮಳಿ ಬಿಸಲಾಗ ಕುಂತಾಗ ಆ ಕಿವಿಗಿ ಏನೂ ಆಗಿರಲಿಲ್ಲ. ನಿಮ್ಮ ಕೈಗಿ ಬಂದು ಮುರೀತು. ನನ್ನ ಮೊಮ್ಮಗ ಸತ್ತ. ಈ ಕೂಸಿನ ಹೆಸರು ಯಾರ ಕಿವ್ಯಾಗ ಹೇಳ್ಲಿ?"

"ಅದೆಲ್ಲ ನನಗ್ಯಾಕ? ಇಲ್ಲಿದ್ದದ್ದರ ಹೊಣಿ ಎಲ್ಲಾ ನಂದು. ಹಗ್ಗದಾಚಿ ನಡಿ."

"ಹೊಣಿ ನಿಮ್ಮದಾ?"

ಮರುಕ್ಷಣ ಅವಳು ಅವನ ಕೋಟಿನ ಕಾಲರು ಹಿಡಿದು ಜಗ್ಗಿ, ಕಿವಿಗೆ ಬಾಯಿ ಹಚ್ಚಿ ಹೆಸರು ಹೇಳಿಬಿಟ್ಟಳು.

ದೇವೀಂದ್ರಪ್ಪ ಕಿವಿ ಒರೆಸಿಕೊಂಡ. "ಏನಿದು ಹುಚ್ಚಾಟ?"

ಬಾಗಿಲಲ್ಲಿದ್ದ ಇಮಾಮುದ್ದೀನ್ ಮೆಲ್ಲಗೆ ಹೇಳಿದ: "ಕೂಸಿನ ಹೆಸರ್ರೀ ಸಾಹೇಬ. ಮೊದಲು ಕೇಳಿದವರ ಮ್ಯಾಲ ಅದರ ಜೀವದ ಹೊಣಿ ರೀ."

"ಇದಕ ಜ್ವರ ಬಂದ್ರ ನಿಮ್ಮ ತೊಡಿ ಮ್ಯಾಲೇ ತಂದು ಹಾಕ್ತೀನಿ," ಎಂದಳು ಬಂಡೆಮ್ಮ. "ಮನಿ ಎಲ್ಲದ, ಹೇಳ್ರಿ."

ಬಯ್ಯಲೆಂದು ದೇವೀಂದ್ರಪ್ಪ ಬಾಯಿ ತೆರೆದ. ಅಷ್ಟರಲ್ಲಿ ಕೂಸು ಸೀನಿತು. ಅವನಿಗೇ ಗೊತ್ತಾಗದಂತೆ ಅವನ ಕೈ ಮುಂದೆ ಹೋಗಿ, ಮೈ ಬಿಸಿಯಿದೆಯೇ ಎಂದು ಅದರ ಹಣೆ ಮುಟ್ಟಿ ನೋಡಿತು.