ಗುಳಿಗೆ ಕಾಕಾ
ಇಳಕಲ್ಲಿನ ನೇಕಾರರ ಓಣಿಗೆ ಹುಸೇನಪೀರ ಕಾಕಾ ಬಂದನೆಂದರೆ ಮಗ್ಗಗಳು ತಾವಾಗಿಯೇ ನಿಲ್ಲುತ್ತವೆ. ಕ್ಷಯ ಹತ್ತಿದವರಿಗೆ ದಿನಾ ಗುಳಿಗೆ ನುಂಗಿಸುವುದು ಅವನ ಕೆಲಸ; ಆದರೆ ಮೊದಲು ಮಾತು ನುಂಗಿಸದೆ ಬಿಡುವವನಲ್ಲ. "ಎದಿಯೊಳಗಿನ ಕಾವಲು ಕಣ ಕ್ರಿಮಿನ ನುಂಗತೈತಿ, ಆದ್ರ ತಾನೊಂದ ಅದನ್ನ ಕೊಲ್ಲಾಕ ಆಗಂಗಿಲ್ಲ. ಸೀರಿ ಒಡಲಿನ ಎಳಿಗೆ ಸೆರಗಿನ ಎಳಿ ಕೊಂಡಿ ಹಾಕಿ ಜೋಡ್ಸೂ ಮುಂದ, ಒಬ್ರಿಗೇ ಆಗೂದಿಲ್ಲಂತ ನೀವು ಮಗ್ಗುಲ ಮನ್ಯಾವರ್ನ ಕೂಗೂದಿಲ್ಲೇನು? ಹಂಗ ಅದೂ ಕೂಗತೈತಿ. ಕೂಗಿಗೆ ಓಡಿ ಬಂದ ಇನ್ನೊಂದ ಕಣ ತಿರುಗಿ ಸಂದೇಶ ಕೊಟ್ಟ ಮ್ಯಾಲೇ ಇದಕ್ಕ ತಾಕತ್ತು!" ಎಂದು ಎರಡೂ ಕಣಗಳ ಪಾತ್ರವನ್ನು ತಾನೇ ಕುಣಿದು, ನಡುವೆ ಸೊಂಟಕ್ಕೆ ಕೈಕೊಟ್ಟು ತಟ್ಟನೆ ನಿಲ್ಲುತ್ತಾನೆ. ಓಣಿಗೆ ಆ ನಿಲುಗಡೆಯೇ ಇಷ್ಟ, ಬಯಲಾಟದವರಿಗೂ ಬರದಂಥದ್ದು. ಮೊನ್ನೆ ನೇಕಾರ್ತಿ ಸಕ್ರವ್ವ, "ಕೆಮ್ಮು ಹೋತ್ರಿ ಕಾಕಾ, ಮೂರು ತಿಂಗಳ ನುಂಗಿದ್ದು ಸಾಕು. ನಿಮ್ಮ ಕಾವಲಿನವ್ರು ಅದಾರಲ್ಲ!" ಎಂದು ನಕ್ಕಳು. ಕಾಕಾ ತಟ್ಟನೆ ನಿಂತ. "ಮುಂದಿನ ಡೈಲಾಗ್ ಹೇಳ್ರಿ" ಎಂದಳು. "ಡೈಲಾಗ್ ಅಲ್ಲವ್ವ, ದಮ್ಮು ಹತ್ತೈತಿ. ಆ ಕಾವಲಿನವ್ರು ಕ್ರಿಮಿ ಸುತ್ತ ಗ್ವಾಡಿ ಕಟ್ಟಿರ್ತಾರ, ಒಳಗ ಅದು ಜೀವಂತ ಇರತೈತಿ. ನನಗ ಈ ಬ್ಯಾನಿ ಬಂದಾಗ ನಾನೂ ಮೂರು ತಿಂಗಳಿಗೆ ಗುಳಿಗಿ ಬಿಟ್ಟಿದ್ದೆ. ಈಗ ಒಂದ ಕಡೀ ಎದಿ ಅಷ್ಟ ದುಡಿತೈತಿ." ಸಕ್ರವ್ವ ಗುಳಿಗೆ ನುಂಗಿದಳು. ಆಮೇಲೆ ಮಣೆಯೊಂದನ್ನು ಸೆರಗಿನಿಂದ ಒರೆಸಿ ಅವನ ಮುಂದಿಟ್ಟು, "ಕುಂತು ಹೇಳ್ರಿ ಕಾಕಾ, ನಾ ಎಲ್ಲಿಗೂ ಹೋಗೂದಿಲ್ಲ" ಎಂದಳು.