ಖಂಡೆಪೂಜೆಯ ದಿನ ನನ್ನ ಸರ್ವರ್

ಗೋಕಾಕದ ನಮ್ಮ ಮನೆಯಲ್ಲಿ, ಮೆಟ್ಟಿಲ ಕೆಳಗಿನ ಇಕ್ಕಟ್ಟಿನಲ್ಲಿ, ಜೋಳದ ಚೀಲದ ಬಾಜೂಕ್ಕೆ ಒಂದು ಹಳೆಯ ಕಂಪ್ಯೂಟರ್ ಸದಾ ಗುಂಯ್‌ಗುಡುತ್ತಿರುತ್ತದೆ. ಅದೇ ನನ್ನ ಸರ್ವರ್. ನನ್ನ ಬ್ಲಾಗು ಯಾವುದೋ ದೂರದ ಕಂಪನಿಯ ಕಟ್ಟಡದಲ್ಲಿಲ್ಲ, ಇದರ ಹೊಟ್ಟೆಯಲ್ಲೇ ಇದೆ. ಶುರು ಮಾಡಿದಾಗ ಎಂಥ ಪ್ರೈಡ್ ಇತ್ತು! ಈಗ ಮುಂಜಾನೆ ಎದ್ದರೆ ಕಿವಿ ಮೊದಲು ಆ ಸದ್ದನ್ನು ಹುಡುಕುತ್ತದೆ, ಚಹಾ ಆಮೇಲೆ.

ಬ್ಲಾಗಿನ ತುಂಬ ಇರುವುದು ಒಡಪುಗಳು. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಸುಮ್ಮಸುಮ್ಮನೆ ಹೇಳುವುದಿಲ್ಲ. ಮದುವೆಯಲ್ಲೋ ಬಸುರಿಯ ಕುಬಸದಲ್ಲೋ ಎಲ್ಲರೂ ಗಂಟುಬಿದ್ದಾಗ ಎರಡು ಸಾಲು ಪದ ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳಬೇಕು. ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಯಲ್ಲಿ ಕಲಿತವಳು. ಮದುವೆಯ ದಿನ ಹೆಸರು ಕೇಳಿದಾಗ ರೋಲ್‌ಕಾಲ್ ಕೂಗಿದವಳ ಹಾಗೆ ಸರ್‌ನೇಮ್ ಸಮೇತ ಹೇಳಿಬಿಟ್ಟಿದ್ದೆ. ಆ ದಿನದ ನಗು ಇನ್ನೂ ಕಿವಿಯಲ್ಲಿದೆ. ಮುಪ್ಪಿನಲ್ಲಿ ಊರೂರಿನ ಹೆಂಗಸರ ಒಡಪು ಕೂಡಿಹಾಕಲು ಕೂತದ್ದು ಅದಕ್ಕೇ ಇರಬೇಕು. ಯಮಕನಮರಡಿಯಿಂದ, ಮೂಡಲಗಿಯಿಂದ ಯಾರುಯಾರೋ ಫೋನಿಗೆ ಮೆಸೇಜು ಕಳಿಸುತ್ತಾರೆ, ನಾನು ಹಾಕುತ್ತೇನೆ. ಬ್ಲಾಗಿನ ನಿಯಮ ಒಂದೇ: ಹೆಸರಿನ ಜಾಗದಲ್ಲಿ ಚುಕ್ಕೆ.

ಕೂಡಿಹಾಕುವುದು ಸುಖದ ಕೆಲಸ. ಕೂಡಿಹಾಕಿದ್ದನ್ನು ಕಾಯುವುದು ಸಾಕುಸಾಕಾಗುವ ಕೆಲಸ. ಕರೆಂಟು ಹೋಗಿ ಬಂದರೆ ಮನೆಯ ಇಂಟರ್ನೆಟ್ಟಿನ ಅಡ್ರೆಸ್ ಬದಲಾಗಿ ಬ್ಲಾಗು ಯಾರಿಗೂ ಸಿಗುವುದಿಲ್ಲ. ಹೊಸ ಅಡ್ರೆಸ್ಸನ್ನು ತಾನೇ ತಿಳಿಸುವ ಒಂದು ಸಣ್ಣ ಪ್ರೋಗ್ರಾಂ ಹಾಕಬೇಕಾಯಿತು. ಸ್ಪ್ಯಾಮ್ ತಡೆಯುವ ಪ್ಲಗಿನ್ ಹಾಕಿದರೆ ಅದು ರಷ್ಯನ್ ಔಷಧಿ ಮಾರುವವರನ್ನು ಒಳಗೆ ಬಿಟ್ಟು, ಕನ್ನಡದಲ್ಲಿ ಬರೆದವರನ್ನೆಲ್ಲ ಹೊರಗೆ ನಿಲ್ಲಿಸಿತು. ವಾರಕ್ಕೊಮ್ಮೆ ಆ ಕಸದ ಬುಟ್ಟಿಯಲ್ಲಿ ಕೈಯಾಡಿಸಿ ನಮ್ಮವರನ್ನು ಎತ್ತಿಕೊಳ್ಳಬೇಕು. ಸೆಕ್ಯುರಿಟಿ ಸರ್ಟಿಫಿಕೇಟು ಮುಗಿದ ದಿನ, ಓದಲು ಬಂದವರಿಗೆಲ್ಲ ಇದು ಡೇಂಜರ್ ಎಂದು ಕೆಂಪು ಬೋರ್ಡು ಕಂಡಿತಂತೆ. ಒಡಪಿನಿಂದ ಯಾರಿಗೆ ಏನು ಡೇಂಜರ್! ಈ ದಸರೆಯ ಹೊತ್ತಿಗೆ ಬ್ಲಾಗಿನ ಹೆಸರು ಉಳಿಯಬೇಕಾದರೆ ದುಡ್ಡು ಕಟ್ಟಿ ಡೊಮೇನ್ ರಿನ್ಯೂ ಮಾಡಿ ಎಂಬ ಮೇಲ್ ಬಂತು. ತೆರೆಯಲಿಲ್ಲ. ಲೆಟ್ ಇಟ್ ಗೋ ಅಂದುಕೊಂಡೆ.

ಮನೆಯಲ್ಲಿ ನನ್ನ ಜೊತೆಗಿರುವವಳು ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಕುಲಗೋಡದವಳು. ಅಣ್ಣ ತಮ್ಮ ಇಬ್ಬರೂ ಹೋದ ಮೇಲೆ ನಾವಿಬ್ಬರೇ ಉಳಿದೆವು, ಜಗಳಾಡಲು ಬೇರೆ ಯಾರೂ ಇಲ್ಲದ್ದರಿಂದ ಹೊಂದಿಕೊಂಡೆವು. ಹರೆಯದಲ್ಲಿ ಒಡಪು ಹೇಳುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆದರೆ ಗಂಡ ಸತ್ತವಳನ್ನು ಯಾರೂ ಒಡಪು ಕೇಳುವುದಿಲ್ಲ. ಹಬ್ಬದ ಹಿಂದಿನ ದಿನ, ಅವಳು ರೊಟ್ಟಿ ಬಡಿಯುತ್ತಿದ್ದಾಗ, ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ನಾನು ಕೇಳಿದೆ.

"ನೀನೂ ಒಂದ ಹೇಳ ಬ್ಲಾಗಿಗೆ."

"ನನ್ನ ಯಾರ ಕೇಳ್ತಾರ ಬಿಡ್ರಿ ಅಕ್ಕಾರ ಈಗ."

"ನಾ ಕೇಳಾಕತ್ತೇನಲ್ಲ?"

ರೊಟ್ಟಿಯ ಸದ್ದು ನಿಂತಿತು. "ದನಿ ಫೋನಿನ್ಯಾಗ ತುಂಬಕೋಬ್ಯಾಡ್ರಿ ಮತ್ತ," ಎಂದು ಹಿಟ್ಟಿನ ಕೈಯಲ್ಲೇ ಎರಡು ಸಾಲು ಹೇಳಿದಳು. ನಾನು ಟೈಪ್ ಮಾಡಿ ಅಲ್ಲೇ ಪಬ್ಲಿಶ್ ಒತ್ತಿದೆ. ಅವಳು ತಿರುಗಿ ಕೇಳಲಿಲ್ಲ. ಆದರೆ ಆ ಮೇಲಿನ ರೊಟ್ಟಿಗಳೆಲ್ಲ ಬಹಳ ತೆಳ್ಳಗೆ, ದುಂಡಗೆ ಬಂದವು.

ಮರುದಿನ ಖಂಡೆಪೂಜೆ, ಆಯುಧಪೂಜೆಯ ದಿನ. ಮುಂಜಾನೆ ಬ್ಲಾಗಿನ ಸಾಫ್ಟ್‌ವೇರಿಗೆ ಅಪ್‌ಡೇಟ್ ಕೊಟ್ಟು ಜಳಕಕ್ಕೆ ಹೋದೆ. ಬಂದು ನೋಡಿದರೆ ಮೆಟ್ಟಿಲ ಕೆಳಗೆ ಸದ್ದೇ ಇಲ್ಲ. ನೆಗೆಣ್ಣಿ ವೈರು ಕಿತ್ತು ಸುತ್ತಿಟ್ಟು, ಡಬ್ಬಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮೂರೆಳೆ ವಿಭೂತಿ ಹಚ್ಚಿ, ಚೆಂಡುಹೂ ಏರಿಸಿದ್ದಳು. ಬದಿಯಲ್ಲಿ ಕುಡಗೋಲು, ಈಳಿಗೆ, ಹೊಲಿಗೆ ಮಷಿನ್ ಸಾಲಾಗಿ ನಿಂತಿದ್ದವು.

"ಇದನ್ಯಾಕ ಬಂದ್ ಮಾಡಿದಿ?"

"ಇವತ್ತ ಖಂಡೆಪೂಜಿ ಅಲ್ಲೇನ್ರಿ? ಕುಡಗೋಲಿಗೂ ಸೂಟಿ, ಹೊಲಿಗಿ ಮಷಿನ್ನಿಗೂ ಸೂಟಿ. ಇದೊಂದ ಏನ ಪಾಪ ಮಾಡೇತಿ? ವರ್ಷಾನಗಟ್ಲೆ ಒಂದ ಸವನ ದುಡಿಯಾಕತ್ತೇತಿ."

ವಿಭೂತಿ ಹಚ್ಚಿಕೊಂಡು ಕೂತದ್ದರ ಮುಂದೆ ನಿಂತು ಬೈಯಲು ಬಾಯಿ ಬರಲಿಲ್ಲ. ನೈವೇದ್ಯ ಮುಗಿದ ಮೇಲೆ ವೈರು ಚುಚ್ಚಿದೆ. ಬ್ಲಾಗಿನ ಜಾಗದಲ್ಲಿ ಬಿಳಿ ಪರದೆ, ಡೇಟಾಬೇಸ್ ಸಿಗುತ್ತಿಲ್ಲ ಎಂಬ ಒಂದೇ ಸಾಲು ಇಂಗ್ಲಿಷ್. ಅಪ್‌ಡೇಟ್ ನಡುದಾರಿಯಲ್ಲೇ ತುಂಡಾಗಿತ್ತು. ರಿಪೇರಿ ಟೂಲ್ ಓಡಿಸಿದೆ, ಪ್ಲಗಿನ್‌ಗಳನ್ನೆಲ್ಲ ಆಫ್ ಮಾಡಿ ನೋಡಿದೆ, ಆಗಲಿಲ್ಲ. ಕಡೆಗೆ ರವಿವಾರದ ಬ್ಯಾಕಪ್ಪನ್ನು ರಿಸ್ಟೋರ್ ಮಾಡಿದೆ. ಬ್ಲಾಗು ಎದ್ದು ನಿಂತಿತು. ರವಿವಾರದ ಈಚೆಗೆ ಹಾಕಿದ್ದೆಲ್ಲ ಹೋಗಿತ್ತು. ಬೇರೆಯವರದು ಫೋನಿನ ಮೆಸೇಜುಗಳಲ್ಲಿ ಉಳಿದಿತ್ತು, ಮತ್ತೆ ಹಾಕಬಹುದು. ನೆಗೆಣ್ಣಿಯದು ಎಲ್ಲಿಯೂ ಇರಲಿಲ್ಲ.

ಮೊದಲ ಸಾಲು ನೆನಪಿತ್ತು, ನಮ್ಮೂರ ಬಳಿಯ ಅಣೆಕಟ್ಟಿನದು: ಧುಪದಾಳದ ಒಡ್ಡಿಗೆ ನೀರು ನಿಂತೈತಿ ತಡದು. ಹೆಸರಿದ್ದ ಎರಡನೆಯ ಸಾಲು ಎಷ್ಟು ತಿಣುಕಿದರೂ ಬರಲಿಲ್ಲ. ಕಾನ್ವೆಂಟಿನಲ್ಲಿ ಕಲಿತ, ಕಂಡೇ ಇಲ್ಲದ ಹಿಮದ ಮೇಲಿನ ಇಂಗ್ಲಿಷ್ ಪೊಯೆಮ್ ಈಗಲೂ ಕಣ್ಣುಮುಚ್ಚಿ ಹೇಳಬಲ್ಲೆ. ಮನೆಯವಳ ಒಂದು ಸಾಲು ಒಂದು ದಿನವೂ ನಿಲ್ಲಲಿಲ್ಲ.

ಹುಕ್ಕೇರಿಯಲ್ಲಿರುವ ಕಾನ್ವೆಂಟಿನ ಗೆಳತಿಗೆ ಫೋನ್ ಮಾಡಿದೆ. ನನ್ನ ಬ್ಲಾಗನ್ನು ತಪ್ಪದೇ ಓದುವವಳು ಅವಳು. ಒಮ್ಮೆ ತೆರೆದ ಪೇಜು ಕೆಲವು ಸಲ ಫೋನಿನಲ್ಲಿ ಹಾಗೇ ಉಳಿದಿರುತ್ತದೆ.

"ನಿನ್ನೆ ನಮ್ಮ ನೆಗೆಣ್ಣಿದು ಹಾಕಿದ್ದೆ, ಓದಿಯೇನ? ಪೇಜ್ ಓಪನ್ ಇದ್ರ ರಿಫ್ರೆಶ್ ಮಾಡಬ್ಯಾಡ, ಹಂಗ ಫೋಟೋ ತಗದ ಕಳಸು."

"ಅಯ್ಯ ನಮ್ಮವ್ವ, ಸಾರಿ. ಹಬ್ಬದ ಗಡಿಬಿಡಿ. ಸಂಡೇ ಆರಾಮ ಓದೂಣು ಅಂತ ಬಿಟ್ಟಿದ್ದೆ. ಮತ್ತೊಮ್ಮೆ ಕೇಳಲ್ಲ ಆಕೀನ."

"ಕೇಳಿದ್ರ ಯಾಕ ಹೋತು ಅಂತ ಹೇಳಬೇಕಾಗ್ತೈತಿ."

ಇಷ್ಟು ವರ್ಷಕ್ಕೆ ಒಮ್ಮೆ ಬಾಯಿಬಿಟ್ಟವಳಿಗೆ, ನೀನೇ ಅಳಿಸಿದೆ ಎಂದು ಹೇಗೆ ಹೇಳುವುದು?

ಮರುದಿನ ವಿಜಯದಶಮಿಯ ಬನ್ನಿ. ನೆಗೆಣ್ಣಿ ನನ್ನ ಕೈಗೆ ಬನ್ನಿ ಎಲೆ ಕೊಟ್ಟು, "ಬನ್ನಿ ತಗೊಂಡ ಬಂಗಾರದಂಗ ಇರೂಣ್ರಿ ಅಕ್ಕಾರ," ಎಂದು ಕಾಲುಮುಟ್ಟಿದಳು. ಎದ್ದವಳೇ ಸೆರಗಿನಿಂದ ಚಶ್ಮಾ ಒರೆಸಿಕೊಂಡು, "ಎಲ್ಲಿ, ನಂದ ತೋರಸ್ರಿ ನೋಡೋಣು," ಎಂದಳು.

ಹೇಳಿದೆ. ಆದಷ್ಟು ಮೆತ್ತಗೆ ಹೇಳಿದೆ.

"ನಾ ವೈರ್ ಕಿತ್ತಿದ್ದಕ್ಕನ?"

"ಬ್ಯಾಕಪ್ ತಗೊಳ್ಳದ ಅಪ್‌ಡೇಟ್ ಹಚ್ಚಿದಾಕಿ ನಾ."

ಅವಳು ಡಬ್ಬಿಯ ಕಡೆ ತಿರುಗಿದಳು. "ಹೂ ಏರಿಸಿದ್ರ ಸಿಟ್ಟಾಗೋ ದೇವರನ್ನ ಇದೊಂದ ನೋಡಿದೆ," ಎಂದಳು.

"ನಿನಗ ನೆನಪೈತಿ ಹೌದಲ್ಲ? ಅದನ್ನ ಇನ್ನೊಮ್ಮೆ ಹೇಳ."

"ಹೋಗಿದ್ದ ಹೋತ್ರಿ. ಹೇಳಿದ್ದನ್ನ ಹೇಳಾಕ ನಾ ಏನ ನಿಮ್ಮ ಸಾಲಿ ಹುಡುಗಿ ಏನ್ರಿ? ಬರಕೋರಿ." ಕೈಯಲ್ಲಿ ಉಳಿದಿದ್ದ ಬನ್ನಿಯನ್ನು ಸರ್ವರಿನ ಮೇಲಿಟ್ಟು, ನಿಂತೇ ಹೇಳಿದಳು:

ಧುಪದಾಳದ ಒಡ್ಡ ದಾಟಿ ನೀರು ಹರದು ಹೋಗೇತಿ,
…… ಅವರ ಹೆಸರ ಕೇಳಾಕ ಅಕ್ಕನ ಮಷಿನ್ ಕುಂತೇತಿ.

ನಾನು ಟೈಪ್ ಮಾಡಿ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದೆ. ಅವಳು ಸಾಲಿನಡಿ ಬೆರಳಾಡಿಸುತ್ತ ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"ಇಲ್ಲಿ ಯಾಕ್ರಿ ಚುಕ್ಕಿ?"

"ಹೆಸರಿನ ಜಾಗಾ ಅದು. ಎಲ್ಲಾರದೂ ಹಂಗನ."

"ಅವರ ಗಂಡಂದಿರು ಮನಿಯಾಗ ಅದಾರ್ರಿ, ಚುಕ್ಕಿ ಇಟ್ರೂ ನಡೀತೈತಿ. ನಮ್ಮವರದ ಹಾಕ್ರಿ."

ಹಾಕಿದೆ. ಪಬ್ಲಿಶ್ ಒತ್ತುವ ಮುಂಚೆ ಅವಳಿಂದಲೇ ಕಾಗುಣಿತ ಸರಿಯಿದೆಯೆಂದು ಒಪ್ಪಿಸಿಕೊಂಡೆ. ಆಮೇಲೆ ಬ್ಯಾಕಪ್ ತೆಗೆದು, ತೆರೆದು, ಹೆಸರು ಅದರಲ್ಲೂ ಇದೆಯೆಂದು ನೋಡಿಕೊಂಡೆ. ಪೆನ್‌ಡ್ರೈವಿನಲ್ಲಿ ಇನ್ನೊಂದು ಕಾಪಿ ಅವಳ ಟ್ರಂಕಿನಲ್ಲಿದೆ. ಈ ಬರಹದಲ್ಲಿ ಮಾತ್ರ ಚುಕ್ಕೆ ಇಟ್ಟಿದ್ದೇನೆ.

ಡೊಮೇನಿನ ಮೇಲ್ ಇನ್ನೂ ಹಾಗೇ ಬಿದ್ದಿತ್ತು. ಕಣ್ಣು ಉರಿಯುತ್ತಿತ್ತು, ಬೆನ್ನು ನೋಯುತ್ತಿತ್ತು. ಉಸಿರುಬಿಟ್ಟು ಅದನ್ನೂ ತೆರೆದೆ.